ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಕೊಡುವ ಇಂಡೆಮ್ನಿಟಿ ಪಾಲಿಸಿ: ಯಾವಾಗ ಸಾಕು, ಯಾವಾಗ ಸಾಲದು

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಹಳೆಯ ಮನೆ ಕೊಳ್ಳಲು ಹೊರಟವರಲ್ಲಿ ಬಹಳ ಜನಕ್ಕೆ ಒಂದು ಹಂತದಲ್ಲಿ ಸಾಲಿಸಿಟರ್ (ಮನೆ ವ್ಯವಹಾರ ನೋಡಿಕೊಳ್ಳುವ ವಕೀಲರು) ಕಡೆಯಿಂದ ಇಂಥದ್ದೊಂದು ಇಮೇಲ್ ಬರುತ್ತದೆ. "ಹಿಂಬದಿಯ ಎಕ್ಸ್‌ಟೆನ್ಶನ್‌ಗೆ ಬಿಲ್ಡಿಂಗ್ ರೆಗ್ಯುಲೇಶನ್ಸ್ ಸರ್ಟಿಫಿಕೇಟ್ ಸಿಕ್ಕಿಲ್ಲ. ಮಾರುವವರು ಇಂಡೆಮ್ನಿಟಿ ಪಾಲಿಸಿ ಕೊಡಲು ಒಪ್ಪಿದ್ದಾರೆ. ಮುಂದುವರಿಯಬಹುದೇ?"

ಅಷ್ಟು ಹೊತ್ತಿಗೆ ಆಫರ್ ಒಪ್ಪಿಗೆಯಾಗಿ ತಿಂಗಳುಗಳೇ ಕಳೆದಿರುತ್ತವೆ. ಮಾರ್ಟ್‌ಗೇಜ್ ಆಫರ್‌ನ ಅವಧಿ ಮುಗಿಯುತ್ತಾ ಬಂದಿರುತ್ತದೆ. ಬಾಡಿಗೆ ಮನೆಗೆ ನೋಟಿಸ್ ಕೊಡಬೇಕು, ಮಕ್ಕಳ ಶಾಲೆಗೆ ಹೊಸ ವಿಳಾಸ ಕೊಡಬೇಕು. ಊರಿನಲ್ಲಿ ಅಪ್ಪ ಅಮ್ಮ ಗೃಹಪ್ರವೇಶಕ್ಕೆ ದಿನ ನೋಡಿ ಕೂತಿರುತ್ತಾರೆ. ರೆಡಿಂಗ್‌ನಲ್ಲಿರಲಿ, ಸ್ಲೌನಲ್ಲಿರಲಿ, ಹೆಚ್ಚಿನವರು ಆ ಇಮೇಲಿಗೆ "ಸರಿ" ಅಂತ ಒಂದು ಪದದ ಉತ್ತರ ಬರೆದು ಮುಂದೆ ಹೋಗುತ್ತಾರೆ.

ಬಹಳ ಸಲ ಅದರಿಂದ ಏನೂ ತೊಂದರೆಯಾಗುವುದಿಲ್ಲ. ಆದರೆ ಕೆಲವು ಸಲ ಆ ಪದ ಬರೆಯುವ ಮುಂಚೆ ಎರಡು ದಿನ ತಡೆಯಬೇಕು. ಯಾವಾಗ ತಡೆಯಬೇಕು ಅಂತ ತಿಳಿಯಬೇಕಾದರೆ ಈ ಪಾಲಿಸಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಗೊತ್ತಿರಬೇಕು.

ಏನಿದು ಪಾಲಿಸಿ?

ಮನೆಯ ಕಾನೂನು ಕಾಗದಗಳಲ್ಲಿ ಈಗಾಗಲೇ ಕಣ್ಣಿಗೆ ಬಿದ್ದಿರುವ ಒಂದು ಕೊರತೆಗೆ ತೆಗೆದುಕೊಳ್ಳುವ ವಿಮೆ ಇದು. ಬೆಂಕಿ, ಕಳ್ಳತನ, ಪೈಪ್ ಒಡೆದು ನೀರು ನುಗ್ಗುವುದು ಇವೆಲ್ಲ ವರ್ಷ ವರ್ಷ ನವೀಕರಿಸುವ ಮನೆ ವಿಮೆಗೆ ಬಿಟ್ಟಿದ್ದು. ಇಂಡೆಮ್ನಿಟಿ ಪಾಲಿಸಿಗೆ ಒಂದೇ ಸಲ ಪ್ರೀಮಿಯಂ ಕಟ್ಟಿದರೆ ಮುಗಿಯಿತು. ಸಾಮಾನ್ಯವಾಗಿ ಅದಕ್ಕೆ ಕೊನೆಯ ದಿನಾಂಕ ಇರುವುದಿಲ್ಲ. ನಾಳೆ ನೀವು ಮನೆ ಮಾರಿದರೂ ಮುಂದಿನ ಮಾಲೀಕರಿಗೆ, ಅವರಿಗೆ ಸಾಲ ಕೊಟ್ಟ ಬ್ಯಾಂಕಿಗೆ ಅದು ಮುಂದುವರಿಯುತ್ತದೆ. ಸಣ್ಣ ಕೊರತೆಗೆ ಹತ್ತಾರು ಪೌಂಡ್‌ಗಳಲ್ಲಿ ಆಗಿಹೋಗುತ್ತದೆ, ದೊಡ್ಡದಕ್ಕೆ ಕೆಲವು ನೂರು ಬೇಕಾಗುತ್ತದೆ. ಶೇಕಡಾ 12ರ ವಿಮಾ ತೆರಿಗೆಯೂ ಅದರಲ್ಲೇ ಸೇರಿರುತ್ತದೆ.

ಪಾಲಿಸಿ ಬಂದ ಮೇಲೂ ಕೊರತೆ ಇದ್ದ ಹಾಗೇ ಇರುತ್ತದೆ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಸರ್ಟಿಫಿಕೇಟ್ ಇಲ್ಲದ ಎಕ್ಸ್‌ಟೆನ್ಶನ್‌ಗೆ ಸರ್ಟಿಫಿಕೇಟ್ ಬಂದುಬಿಡುವುದಿಲ್ಲ, ದಾರಿಯ ಹಕ್ಕಿಲ್ಲದ ಮನೆಗೆ ಹಕ್ಕು ಹುಟ್ಟಿಕೊಳ್ಳುವುದಿಲ್ಲ. ಯಾರಾದರೂ ಆ ಕೊರತೆಯನ್ನು ಹಿಡಿದು ನಿಮ್ಮ ಮೇಲೆ ಬಂದರೆ ಆಗುವ ನಷ್ಟವನ್ನು ಕಂಪನಿ ತುಂಬಿಕೊಡುತ್ತದೆ. ವಕೀಲರ ಫೀಸು, ಕಟ್ಟಿದ್ದನ್ನು ಬದಲಿಸುವ ಅಥವಾ ಕೆಡವುವ ಖರ್ಚು, ಮನೆಯ ಬೆಲೆ ಇಳಿದರೆ ಆ ವ್ಯತ್ಯಾಸ, ಇಂಥವು. ಯಾರೂ ಬರದಿದ್ದರೆ ಪಾಲಿಸಿ ಫೈಲಿನಲ್ಲಿ ಸುಮ್ನೆ ಕೂತಿರುತ್ತದೆ. ನಿಜ ಹೇಳಬೇಕೆಂದರೆ ಬಹುಪಾಲು ಪಾಲಿಸಿಗಳ ಕಥೆ ಇಷ್ಟೇ. ಅದಕ್ಕೇ ಅವು ಇಷ್ಟು ಅಗ್ಗ.

ಮಾಲೀಕತ್ವ ಗಟ್ಟಿ, ಸುತ್ತಲಿನ ಹಕ್ಕುಗಳು ಸಡಿಲ

ಬೆಂಗಳೂರಿನಲ್ಲಿ ಸೈಟು ನೋಡಿದ ಅನುಭವ ಇರುವವರಿಗೆ ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲ್ಯಾಂಡ್ ರಿಜಿಸ್ಟ್ರಿ ಎಂಬ ಸರ್ಕಾರಿ ಸಂಸ್ಥೆ ಯಾರು ಮಾಲೀಕರು ಅಂತ ದಾಖಲೆ ಇಡುತ್ತದೆ, ಆ ದಾಖಲೆಗೆ ಸರ್ಕಾರವೇ ಹೊಣೆ. ರಿಜಿಸ್ಟರ್‌ನಲ್ಲಿ ತಪ್ಪಾಗಿ ನಿಮಗೆ ನಷ್ಟವಾದರೆ 2002ರ ಭೂ ನೋಂದಣಿ ಕಾಯ್ದೆಯ ಪ್ರಕಾರ ಪರಿಹಾರ ಕೇಳಬಹುದು. ಹಾಗಾಗಿ "ಮಾರುವವರು ನಿಜವಾದ ಮಾಲೀಕರೇನಾ?" ಅನ್ನುವ ಪ್ರಶ್ನೆಗೆ ಬಹುಮಟ್ಟಿಗೆ ಅಲ್ಲೇ ಉತ್ತರ ಸಿಗುತ್ತದೆ.

ನಮ್ಮಲ್ಲಿ ಹಾಗಲ್ಲ. 1908ರ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿ ಕ್ರಯಪತ್ರವನ್ನು ನೋಂದಾಯಿಸುತ್ತದೆ, ಮಾಲೀಕತ್ವಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಇಸಿ (ಋಣಭಾರ ಪತ್ರ) ತೆಗೆಸಿದರೆ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಅಣ್ಣ ತಮ್ಮಂದಿರ ಪಾಲಿನ ತಕರಾರು, ತಂಗಿಗೆ ಕೊಡದೆ ಬಿಟ್ಟ ಹಕ್ಕು ಅದರಲ್ಲಿ ಕಾಣುವುದಿಲ್ಲ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯ ನಂತರ ಜಮೀನು ವಾಪಸ್ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಅದಕ್ಕೇ ನಮ್ಮ ವಕೀಲರು ಮೂಲ ಪತ್ರದಿಂದ ಹಿಡಿದು ಹಳೆಯ ಕಾಗದಗಳನ್ನೆಲ್ಲ ಕೇಳುವುದು. ಕ್ರಯಪತ್ರದಲ್ಲಿ "ಮುಂದೆ ಏನಾದರೂ ತಕರಾರು ಬಂದರೆ ನಾನೇ ನಷ್ಟ ತುಂಬಿಕೊಡುತ್ತೇನೆ" ಅಂತ ಮಾರುವವರು ಬರೆದುಕೊಡುತ್ತಾರೆ, ನಿಜ. ಆ ಮಾತಿಗೆ ಬೆಲೆ ಬರುವುದು ಆ ಮನುಷ್ಯ ಸಿಕ್ಕಿದರೆ, ಅವರ ಹತ್ತಿರ ಹಣವಿದ್ದರೆ ಮಾತ್ರ. 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಬಿಲ್ಡರ್‌ಗಳು ಜಮೀನಿನ ಹಕ್ಕಿಗೆ ವಿಮೆ ಮಾಡಿಸಬೇಕೆಂಬ ಮಾತಿದೆ, ಆದರೆ ಅದು ನಡೆಯುವುದು ಸರ್ಕಾರ ಅಧಿಸೂಚನೆ ಹೊರಡಿಸಿದಂತೆ. 18ನೇ ಸೆಕ್ಷನ್ ಇದಕ್ಕಿಂತ ಗಟ್ಟಿ. ಜಮೀನಿನ ಹಕ್ಕಿನಲ್ಲಿ ದೋಷವಿದ್ದು ಫ್ಲ್ಯಾಟ್ ಕೊಂಡವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಅದಕ್ಕೆ ಕಾಲಮಿತಿ ಅಡ್ಡ ಬರುವುದಿಲ್ಲ. ಅಮೆರಿಕದಲ್ಲಿ ಮಾಲೀಕತ್ವಕ್ಕೇ ವಿಮೆ ಮಾಡಿಸುವ ಪದ್ಧತಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಅದನ್ನೂ ಇಂಗ್ಲೆಂಡಿನ ಇಂಡೆಮ್ನಿಟಿ ಪಾಲಿಸಿಯನ್ನೂ ಒಂದೇ ಅಂದುಕೊಳ್ಳಬೇಡಿ.

ಇಂಗ್ಲೆಂಡಿನಲ್ಲಿ ಮಾಲೀಕತ್ವ ಗಟ್ಟಿಯಾಗಿದ್ದರೂ ಅದರ ಸುತ್ತಲಿನ ವಿಷಯಗಳು ಸಡಿಲವಾಗಿರುತ್ತವೆ. ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾರಾಟವಾದ ಮನೆಯನ್ನು ನೋಂದಾಯಿಸುವುದು ಕಡ್ಡಾಯವಾಗಿದ್ದು 1990ರ ಡಿಸೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಪತ್ರಗಳು ಎಷ್ಟೋ ಕಳೆದುಹೋಗಿವೆ. ಮನೆಗಳೋ ನೂರು ವರ್ಷ ಹಳೆಯವು. ಪ್ರತಿ ಮಾಲೀಕರೂ ಒಂದು ಗೋಡೆ ಒಡೆದಿದ್ದಾರೆ, ಒಂದು ರೂಮು ಸೇರಿಸಿದ್ದಾರೆ. ಯಾವ ಅನುಮತಿ ತಗೊಂಡರು, ಯಾವುದು ಬಿಟ್ಟರು ಅಂತ ಹೇಳುವವರೇ ಇಲ್ಲ.

ಅನುಮತಿ ಇಲ್ಲದ ಕೆಲಸ

ಅತಿ ಹೆಚ್ಚು ಎದುರಾಗುವುದು ಇದೇ. ಇಲ್ಲಿ ಎರಡು ಬೇರೆ ಬೇರೆ ಅನುಮತಿಗಳಿವೆ, ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಪ್ಲ್ಯಾನಿಂಗ್ ಪರ್ಮಿಶನ್ ಅಂದರೆ ಅಲ್ಲಿ ಅದನ್ನು ಕಟ್ಟಬಹುದೇ ಎಂಬ ಪ್ರಶ್ನೆ: ಎತ್ತರ, ನೋಟ, ಪಕ್ಕದ ಮನೆಗೆ ಬೆಳಕು. ಬಿಲ್ಡಿಂಗ್ ರೆಗ್ಯುಲೇಶನ್ಸ್ ಅಂದರೆ ಕಟ್ಟಿದ್ದು ಸುರಕ್ಷಿತವೇ ಎಂಬ ಪ್ರಶ್ನೆ: ಅಡಿಪಾಯ, ತೊಲೆ, ಬೆಂಕಿ, ವಿದ್ಯುತ್, ಚರಂಡಿ. ಮೊದಲನೆಯದು ಬೇಕಿಲ್ಲದ ಸಣ್ಣ ಎಕ್ಸ್‌ಟೆನ್ಶನ್‌ಗೂ ಎರಡನೆಯದು ಬೇಕಾಗಬಹುದು.

ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಎಷ್ಟು ವರ್ಷದವರೆಗೆ ಕ್ರಮ ತೆಗೆದುಕೊಳ್ಳಬಹುದು ಅನ್ನುವುದರಲ್ಲಿ ಇತ್ತೀಚೆಗೆ ದೊಡ್ಡ ಬದಲಾವಣೆಯಾಗಿದೆ, ಹಳೆಯ ಸಲಹೆ ಹಿಡಿದುಕೊಂಡವರು ಇಲ್ಲಿ ಎಡವುತ್ತಾರೆ. ಮುಂಚೆ ಪ್ಲ್ಯಾನಿಂಗ್ ಇಲ್ಲದೆ ಕಟ್ಟಿದ್ದಕ್ಕೆ 4 ವರ್ಷ ದಾಟಿದರೆ ಕೌನ್ಸಿಲ್ ಏನೂ ಮಾಡುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರಿಂದ ಅದು 10 ವರ್ಷ. ಆ ದಿನಕ್ಕೆ ಮೊದಲೇ ಬಹುಮಟ್ಟಿಗೆ ಮುಗಿದಿದ್ದ ಕೆಲಸಕ್ಕೆ ಹಳೆಯ 4 ವರ್ಷವೇ ಲೆಕ್ಕ. ಬಿಲ್ಡಿಂಗ್ ರೆಗ್ಯುಲೇಶನ್ಸ್ ವಿಷಯದಲ್ಲೂ ಹಾಗೇ. ತಪ್ಪಾದ ಕೆಲಸ ಸರಿಪಡಿಸಿ ಅಥವಾ ತೆಗೆದುಹಾಕಿ ಅಂತ ನೋಟಿಸ್ ಕೊಡಲು ಮೊದಲು 12 ತಿಂಗಳ ಗಡುವಿತ್ತು. 2022ರ ಕಟ್ಟಡ ಸುರಕ್ಷತಾ ಕಾಯ್ದೆ ಬಂದ ಮೇಲೆ, 2023ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಅದು 10 ವರ್ಷವಾಯಿತು. "ಒಂದು ವರ್ಷ ಆಯ್ತಲ್ಲ, ಇನ್ನೇನು ಭಯ" ಅಂತ ಎಸ್ಟೇಟ್ ಏಜೆಂಟ್ ಹೇಳಿದರೆ ಅದು ಹಳೆಯ ಕಾಲದ ಮಾತು.

ಬಚ್ಚಿಟ್ಟು ಕಟ್ಟಿದ್ದಕ್ಕೆ ಈ ಗಡುವಿನ ರಕ್ಷಣೆಯೂ ಸಿಗುವುದಿಲ್ಲ. ಸರ್ರೆ ಪ್ರಾಂತ್ಯದ ಒಬ್ಬ ರೈತ ಹುಲ್ಲಿನ ಪಿಂಡಿಗಳ ಹಿಂದೆ ಕೋಟೆಯಂಥ ಮನೆ ಕಟ್ಟಿ, 4 ವರ್ಷ ಮುಚ್ಚಿಟ್ಟು, 2006ರಲ್ಲಿ ಪಿಂಡಿಗಳನ್ನು ತೆಗೆದ. ಕೋರ್ಟು ಒಪ್ಪಲಿಲ್ಲ, 2016ರಲ್ಲಿ ಮನೆ ಕೆಡವಬೇಕಾಯಿತು. ಪಾರಂಪರಿಕ ಪಟ್ಟಿಗೆ ಸೇರಿದ, ಅಂದರೆ ಲಿಸ್ಟೆಡ್ ಕಟ್ಟಡಗಳಲ್ಲಿ ಅನುಮತಿ ಇಲ್ಲದೆ ಮಾಡಿದ ಕೆಲಸಕ್ಕಂತೂ ಕಾಲಮಿತಿಯೇ ಇಲ್ಲ. ಹಿಂದಿನವರು ಮಾಡಿದ್ದನ್ನು ಸರಿಪಡಿಸಿ ಅಂತ ಈಗಿನ ಮಾಲೀಕರಿಗೆ ನೋಟಿಸ್ ಬರಬಹುದು. ಬಾತ್, ಯಾರ್ಕ್‌ನಂಥ ಊರುಗಳಲ್ಲಿ ಹಳೆಯ ಕಲ್ಲಿನ ಮನೆ ನೋಡುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಈಗ ಪಾಲಿಸಿಗೆ ಬರೋಣ. ಬಿಲ್ಡಿಂಗ್ ರೆಗ್ಯುಲೇಶನ್ಸ್ ಇಂಡೆಮ್ನಿಟಿ ಪಾಲಿಸಿ ಹಣ ಕೊಡುವುದು ಕೌನ್ಸಿಲ್ ಕ್ರಮ ತೆಗೆದುಕೊಂಡಾಗ. ಕೆಲಸ ಕೆಟ್ಟದಾಗಿ ಆಗಿದ್ದರೆ, ಅದೇ ಕಾರಣಕ್ಕೆ ಕೊಡುವುದಿಲ್ಲ.

1930ರ ದಶಕದ ಒಂದು ಸೆಮಿ ಡಿಟ್ಯಾಚ್ಡ್ ಮನೆಯನ್ನು, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿರುವ ಮನೆಯನ್ನು, ತೆಗೆದುಕೊಳ್ಳಿ. ಕೆಳಗಡೆ ಎರಡು ರೂಮುಗಳ ನಡುವಿನ ಗೋಡೆ ತೆಗೆದು ಉದ್ದನೆಯ ಹಾಲ್ ಮಾಡಿದ್ದಾರೆ. ಒಳಗೆ ಚಾಚಿಕೊಂಡಿದ್ದ ಚಿಮಣಿಯ ಇಟ್ಟಿಗೆ ಕಟ್ಟೆಯನ್ನೂ ತೆಗೆದು ಟಿವಿಗೆ ಜಾಗ ಮಾಡಿದ್ದಾರೆ. ಬಣ್ಣ ಹೊಸದು, ನೆಲ ಹೊಸದು, ನೋಡಲು ಚೆಂದ. ಮೇಲಿನ ಮಹಡಿಗೆ ಹೋಗಿ ನೋಡಿ. ಅದೇ ಚಿಮಣಿಯ ಮೇಲ್ಭಾಗ ಬೆಡ್‌ರೂಮಿನಲ್ಲಿ ಹಾಗೇ ಇದೆ, ಸೂರಿನ ಮೇಲೂ ಇದೆ. ಅಷ್ಟು ಇಟ್ಟಿಗೆಯ ಭಾರ ಈಗ ಯಾವುದರ ಮೇಲೆ ಕೂತಿದೆ? ಸರಿಯಾದ ಉಕ್ಕಿನ ತೊಲೆ ಕೊಟ್ಟಿದ್ದಾರೋ, ಗೋಡೆಗೆ ಎರಡು ಬ್ರ್ಯಾಕೆಟ್ ಹೊಡೆದು ಬಿಟ್ಟಿದ್ದಾರೋ, ಅಥವಾ ಏನೂ ಇಲ್ಲವೋ? ಬಿಲ್ಡಿಂಗ್ ರೆಗ್ಯುಲೇಶನ್ಸ್ ಸರ್ಟಿಫಿಕೇಟ್ ಈ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು. ಸರ್ಟಿಫಿಕೇಟ್ ಬದಲು ಕೈಗೆ ಬಂದ ಪಾಲಿಸಿ ಉತ್ತರ ಹೇಳುವುದಿಲ್ಲ. ಚಾವಣಿ ಬಿರುಕು ಬಿಟ್ಟರೆ, ತೊಲೆ ಬಾಗಿದರೆ ಈ ಪಾಲಿಸಿಯಡಿ ಒಂದು ಪೌಂಡ್ ಕೂಡ ಸಿಗುವುದಿಲ್ಲ.

ಅಟ್ಟವನ್ನು ಬೆಡ್‌ರೂಮ್ ಮಾಡಿದ ಮನೆಗಳೂ ಹೀಗೇ. ಎರಡು ಮಹಡಿಯ ಮನೆಗೆ ಮೂರನೆಯದು ಸೇರಿದಾಗ ಬೆಂಕಿ ಬಿದ್ದರೆ ಕೆಳಗೆ ಓಡಿ ಬರಲು ಮೆಟ್ಟಿಲಿನ ದಾರಿ ಅರ್ಧ ಗಂಟೆಯಾದರೂ ಬೆಂಕಿ ತಡೆಯುವಂತಿರಬೇಕು, ಬಾಗಿಲುಗಳು ಅದಕ್ಕೆ ತಕ್ಕಂತಿರಬೇಕು, ಹೊಗೆ ಅಲಾರಂ ಇರಬೇಕು. ಸರ್ಟಿಫಿಕೇಟ್ ಇಲ್ಲದ ಅಟ್ಟದಲ್ಲಿ ಮಕ್ಕಳನ್ನು ಮಲಗಿಸುವ ಯೋಚನೆ ಇದ್ದರೆ ದಯವಿಟ್ಟು ಪಾಲಿಸಿ ಇದೆಯೆಂದು ಸಮಾಧಾನ ಮಾಡಿಕೊಳ್ಳಬೇಡಿ.

ಇಲ್ಲಿ ನನ್ನ ನಿಲುವು ಸ್ಪಷ್ಟ. ಕೊರತೆ ಬರೀ ಕಾಗದದ್ದಾಗಿದ್ದರೆ ಪಾಲಿಸಿ ಸಾಕು. ಕೊರತೆ ಗೋಡೆ, ತೊಲೆ, ಮೆಟ್ಟಿಲು, ವೈರಿಂಗ್‌ಗೆ ಸಂಬಂಧಿಸಿದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಅಥವಾ ಅರ್ಹ ಎಲೆಕ್ಟ್ರಿಷಿಯನ್ ನೋಡಬೇಕು, ಆಮೇಲೆ ಪಾಲಿಸಿಯ ಮಾತು. ಖಾಸಗಿ ಎಂಜಿನಿಯರನ್ನು ಕರೆಸಿ ತೋರಿಸುವುದರಿಂದ ಪಾಲಿಸಿ ಸಾಮಾನ್ಯವಾಗಿ ಕೆಡುವುದಿಲ್ಲ, ಯಾಕೆಂದರೆ ಅವರು ಕೌನ್ಸಿಲ್‌ನವರಲ್ಲ. ಆದರೆ ಅವರ ವರದಿಯಲ್ಲಿ ದೋಷ ಕಂಡುಬಂದರೆ ಅದನ್ನು ಸಾಲಿಸಿಟರ್‌ಗೆ ತಿಳಿಸಿ. ವಿಮಾ ಕಂಪನಿ ಕೇಳಿದ ಪ್ರಶ್ನೆಗೆ ಗೊತ್ತಿದ್ದೂ ತಪ್ಪು ಉತ್ತರ ಹೋಗಬಾರದು.

ಫೋನ್ ಮಾಡುವ ಮುಂಚೆ

ಇಡೀ ವಿಷಯದಲ್ಲಿ ಜನರಿಗೆ ಅತ್ಯಂತ ವಿಚಿತ್ರ ಅನ್ನಿಸುವುದು ಇದು. ನೀವು ಕೌನ್ಸಿಲ್‌ಗೆ ಫೋನ್ ಮಾಡಿ "ಇಂಥ ವಿಳಾಸದ ಎಕ್ಸ್‌ಟೆನ್ಶನ್‌ಗೆ ಸರ್ಟಿಫಿಕೇಟ್ ಇದೆಯಾ?" ಅಂತ ಒಂದು ಮಾತು ಕೇಳಿದರೆ ಸಾಕು, ಪಾಲಿಸಿ ಸಿಗದೇ ಹೋಗಬಹುದು. ಸಿಕ್ಕಿದ್ದರೂ ಅಸಿಂಧುವಾಗಬಹುದು.

ಕಾರಣ ಇದೆ. ಕೌನ್ಸಿಲ್‌ಗೆ ಗೊತ್ತಾಗುವ ಸಾಧ್ಯತೆ ಬಹಳ ಕಡಿಮೆ ಅನ್ನುವ ಲೆಕ್ಕದ ಮೇಲೆ ಕಂಪನಿ ಅಷ್ಟು ಕಡಿಮೆ ಪ್ರೀಮಿಯಂಗೆ ಒಪ್ಪಿರುತ್ತದೆ. ನಿಮ್ಮ ಫೋನು ಆ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಕೌನ್ಸಿಲ್‌ಗೆ ಮಾತ್ರ ಅಲ್ಲ, ಕೊರತೆಗೆ ಸಂಬಂಧಿಸಿದ ಯಾರಿಗೆ ಆದರೂ ಇದೇ ನಿಯಮ. ದಾರಿಯ ಹಕ್ಕಿನ ತೊಂದರೆ ಇದ್ದರೆ ಪಕ್ಕದ ಮನೆಯವರನ್ನು, ನಿರ್ಬಂಧದ ತೊಂದರೆ ಇದ್ದರೆ ಆ ನಿರ್ಬಂಧ ಹಾಕಿದವರನ್ನು ಕೇಳಿಬಿಟ್ಟರೆ ಆಟ ಮುಗಿಯಿತು. ಕೌನ್ಸಿಲ್ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿರುವ ಪ್ಲ್ಯಾನಿಂಗ್ ದಾಖಲೆಗಳನ್ನು ನೋಡುವುದು ಸಾಮಾನ್ಯವಾಗಿ ಸಂಪರ್ಕ ಅನ್ನಿಸಿಕೊಳ್ಳುವುದಿಲ್ಲ. ಆದರೂ ಅನುಮಾನ ಇದ್ದರೆ ಮೊದಲು ಸಾಲಿಸಿಟರನ್ನು ಕೇಳಿ. ಮಾರುವವರು ಅಥವಾ ಅವರ ಏಜೆಂಟ್ ಈಗಾಗಲೇ ಕೌನ್ಸಿಲ್ ಜೊತೆ ಮಾತಾಡಿದ್ದಾರಾ ಅನ್ನುವುದನ್ನೂ ಬರಹದಲ್ಲಿ ಕೇಳಿಸಿ. ಎಷ್ಟೋ ಸಲ ಒಳ್ಳೆಯ ಉದ್ದೇಶದಿಂದಲೇ ಮಾಡಿರುತ್ತಾರೆ.

ಎಲ್ಲದಕ್ಕೂ ನೇರ ಕಚೇರಿಗೆ ಹೋಗಿ ವಿಚಾರಿಸುವ ರೂಢಿ ನಮ್ಮದು. ಅದು ಒಳ್ಳೆಯ ರೂಢಿಯೇ. ಇಲ್ಲಿ ಮಾತ್ರ ಆ ವಿಚಾರಣೆಯ ಸರದಿ ಎರಡನೆಯದು. ಸುಮ್ಮನಿದ್ದವರಿಗೆ ಲಾಭವಾಗುವ ಈ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಅದರಲ್ಲೂ ಜನ ವಾಸಿಸುವ ಕಟ್ಟಡದ ಸುರಕ್ಷತೆಯ ವಿಷಯದಲ್ಲಿ. ಎಂಜಿನಿಯರ್ ನೋಡಿ ಅಪಾಯವಿದೆ ಅಂದರೆ ಪಾಲಿಸಿ ಹೋದರೂ ಹೋಗಲಿ ಅಂತ ಸರಿಪಡಿಸುವ ದಾರಿ ಹಿಡಿಯಬೇಕು. ಆದರೆ ಆ ನಿರ್ಧಾರವನ್ನು ತಿಳಿದು ಮಾಡಬೇಕು, ಕುತೂಹಲಕ್ಕೆ ಮಾಡಿದ ಒಂದು ಫೋನಿನಿಂದ ಅದು ತಾನಾಗೇ ಆಗಿಹೋಗಬಾರದು.

ನೂರು ವರ್ಷ ಹಳೆಯ ನಿರ್ಬಂಧಗಳು

ಮನೆಯ ರಿಜಿಸ್ಟರ್ ಪ್ರತಿಯಲ್ಲಿ ಕವನೆಂಟ್ (ಮನೆಗೆ ಅಂಟಿದ ಷರತ್ತು) ಅಂತ ಕೆಲವು ಸಾಲುಗಳಿರುತ್ತವೆ. ಒಂದಕ್ಕಿಂತ ಹೆಚ್ಚು ಮನೆ ಕಟ್ಟಬಾರದು, ಮೂಲ ಮಾರಾಟಗಾರರ ಒಪ್ಪಿಗೆ ಇಲ್ಲದೆ ಮನೆ ಬದಲಾಯಿಸಬಾರದು, ವ್ಯಾಪಾರ ಮಾಡಬಾರದು, ಹಂದಿ ಸಾಕಬಾರದು, ಹೀಗೆ. ಯಾವಾಗಲೋ ಯಾರೋ ಒಪ್ಪಿದ ಕರಾರು ಈಗ ಕೊಂಡವರನ್ನು ಯಾಕೆ ಕಟ್ಟಿಹಾಕಬೇಕು ಅನ್ನುವ ಪ್ರಶ್ನೆಗೆ ಉತ್ತರ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿದೆ. 1808ರಲ್ಲಿ ಟಲ್ಕ್ ಎಂಬಾತ ಅಲ್ಲಿನ ತೋಟವನ್ನು ಕಟ್ಟಡ ಕಟ್ಟದೆ ಹಾಗೇ ಇಡಬೇಕೆಂಬ ಷರತ್ತಿನ ಮೇಲೆ ಮಾರಿದ. ಕೈಯಿಂದ ಕೈಗೆ ಹೋಗಿ ಅದು ಮಾಕ್ಸೇ ಎಂಬಾತನ ಪಾಲಾಯಿತು. ಷರತ್ತು ಗೊತ್ತಿದ್ದೂ ಕೊಂಡಿದ್ದ ಆತ ಅಲ್ಲಿ ಕಟ್ಟಲು ಹೊರಟ. ಗೊತ್ತಿದ್ದು ಕೊಂಡವನು ಷರತ್ತಿಗೆ ಬದ್ಧ ಅಂತ 1848ರಲ್ಲಿ ಕೋರ್ಟು ಹೇಳಿತು. ಇವತ್ತು ಸಿನಿಮಾ ಮಂದಿರಗಳ ನಡುವೆ ಆ ಚೌಕದಲ್ಲಿ ಹಸಿರು ಉಳಿದಿದೆ. ಇಂಗ್ಲೆಂಡಿನ ಲಕ್ಷಾಂತರ ಮನೆಗಳ ಮೇಲೆ ಆ ತೀರ್ಪಿನ ನೆರಳೂ ಉಳಿದಿದೆ.

ವ್ಯವಹಾರದಲ್ಲಿ ಆಗುವುದು ಹೀಗೆ. 1930ರಲ್ಲಿ ಬಡಾವಣೆ ಮಾಡಿದ ಕಂಪನಿ "ನಮ್ಮ ಒಪ್ಪಿಗೆ ಇಲ್ಲದೆ ಎಕ್ಸ್‌ಟೆನ್ಶನ್ ಬೇಡ" ಅಂತ ಬರೆಸಿದೆ. ಕಂಪನಿ ಎಂದೋ ಮುಚ್ಚಿದೆ. ಹಿಂದಿನ ಮಾಲೀಕರು 2008ರಲ್ಲಿ ಕನ್ಸರ್ವೇಟರಿ (ಮನೆಗೆ ಅಂಟಿದ ಗಾಜಿನ ಕೋಣೆ) ಕಟ್ಟಿದ್ದಾರೆ. ಒಪ್ಪಿಗೆ ಕೇಳಲು ಯಾರೂ ಇಲ್ಲ, ಇಷ್ಟು ವರ್ಷ ಯಾರೂ ತಕರಾರು ಎತ್ತಿಲ್ಲ. ಇಂಡೆಮ್ನಿಟಿ ಪಾಲಿಸಿ ನಿಜವಾಗಿ ಹೊಂದುವುದು ಇಂಥ ಕಡೆ. ಕಡಿಮೆ ಹಣದಲ್ಲಿ ಎಲ್ಲರಿಗೂ ನೆಮ್ಮದಿ. ನೆನಪಿಡಬೇಕಾದ್ದು ಒಂದೇ: ಹಿಂದೆ ಆದ ಉಲ್ಲಂಘನೆಗೆ ರಕ್ಷಣೆ ಇದೆಯೇ ಹೊರತು, ನೀವು ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಕೇಟರಿಂಗ್ ಶುರು ಮಾಡಿದರೆ ಅದಕ್ಕಿಲ್ಲ. ನೀವೇ ಕಟ್ಟುವ ಯೋಚನೆ ಇದ್ದರೆ ಅದಕ್ಕೆ ಬೇರೆ ಪಾಲಿಸಿ ಕೇಳಬೇಕು, ಬೆಲೆಯೂ ಜಾಸ್ತಿ.

ಚರ್ಚ್ ರಿಪೇರಿಯ ಬಿಲ್

ಚಾನ್ಸೆಲ್ ರಿಪೇರಿ ಅಂತ ಒಂದು ಪಾಲಿಸಿ ಇದೆ, ಹೆಸರು ಕೇಳಿ ತಲೆ ಕೆಡಿಸಿಕೊಳ್ಳದವರಿಲ್ಲ. ನಮ್ಮ ದೇವಸ್ಥಾನದಲ್ಲಿ ಗರ್ಭಗುಡಿ ಇದ್ದಂತೆ ಚರ್ಚಿನಲ್ಲಿ ಪೂಜಾ ಪೀಠವಿರುವ ಭಾಗ ಚಾನ್ಸೆಲ್. ಮಧ್ಯಯುಗದಿಂದ ಅದರ ದುರಸ್ತಿಯ ಹೊಣೆ ಕೆಲವು ಜಮೀನುಗಳಿಗೆ ಅಂಟಿಕೊಂಡು ಬಂದಿದೆ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿ ಆಸ್ತಿಗಳನ್ನು ಮಾರಿದಾಗ ಜಮೀನಿನ ಜೊತೆ ಹೊಣೆಯೂ ಖಾಸಗಿಯವರ ಕೈಗೆ ಹೋಯಿತು. ಶತಮಾನಗಳು ಕಳೆದು, ಜಮೀನು ತುಂಡಾಗಿ, ಮೇಲೆ ಮನೆಗಳು ಎದ್ದರೂ ಹೊಣೆ ಬಿಡಲಿಲ್ಲ.

ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯ ಒಂದು ದಂಪತಿಗೆ ಇದು ಬಿಸಿ ಮುಟ್ಟಿಸಿತು. ಅವರ ಫಾರ್ಮಿನ ಜಮೀನಿಗೆ ಈ ಹೊಣೆ ಇತ್ತು. 1990ರ ದಶಕದಲ್ಲಿ ಸ್ಥಳೀಯ ಚರ್ಚ್ ಸುಮಾರು 95,000 ಪೌಂಡ್ ಕೇಳಿತು. ಕೇಸು ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ದಂಪತಿ ಸೋತರು. ಕೊನೆಗೆ ರಿಪೇರಿಯ ಮೊತ್ತ ಬೆಳೆದು ಸುಮಾರು 1,87,000 ಪೌಂಡ್ ಆಯಿತು. ಅದರ ಮೇಲೆ ವ್ಯಾಟ್, ಅದರ ಮೇಲೆ ವಕೀಲರ ಖರ್ಚು. ಆ ಸುದ್ದಿಯ ನಂತರ ದೇಶದ ಸಾಲಿಸಿಟರ್‌ಗಳೆಲ್ಲ ಪ್ರತಿ ಫೈಲಿಗೂ ಒಂದು ಚಾನ್ಸೆಲ್ ಪಾಲಿಸಿ ಸೇರಿಸತೊಡಗಿದರು.

2013ರ ಅಕ್ಟೋಬರ್ 13ರಿಂದ ಪರಿಸ್ಥಿತಿ ಬದಲಾಗಿದೆ. ಚರ್ಚ್ ತನ್ನ ಹಕ್ಕನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮೂದಿಸಿರಬೇಕು. ನಮೂದಾಗಿರದೆ, ಆ ದಿನದ ನಂತರ ನೋಂದಾಯಿತ ಮನೆ ಒಮ್ಮೆ ಹಣಕ್ಕೆ ಮಾರಾಟವಾಗಿ ರಿಜಿಸ್ಟರ್ ಆಗಿದ್ದರೆ ಹೊಸ ಮಾಲೀಕರಿಗೆ ಆ ಹೊಣೆ ತಟ್ಟುವುದಿಲ್ಲ. ದಾನವಾಗಿ, ಪಿತ್ರಾರ್ಜಿತವಾಗಿ ಬಂದ ಮನೆಗೆ ಈ ಮಾತು ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಈ ಪಾಲಿಸಿ ಕಂಡರೆ "ಹಿಂದಿನ ಮಾರಾಟ ಯಾವ ವರ್ಷದ್ದು? ಇದು ಈಗಲೂ ಬೇಕೇ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ಉಳಿದವುಗಳಲ್ಲಿ ದಾರಿಯ ಹಕ್ಕು ಸ್ವಲ್ಪ ಗಮನ ಕೇಳುತ್ತದೆ. ಮನೆಗೆ ಹೋಗುವ ಓಣಿ ಯಾರದೋ ಹೆಸರಿನಲ್ಲಿದೆ, ದಾಟಲು ಕಾಗದದಲ್ಲಿ ಹಕ್ಕಿಲ್ಲ. 20 ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಬಲವಂತ ಮಾಡದೆ, ಬಹಿರಂಗವಾಗಿ ಬಳಸಿದ್ದರೆ ಕಾನೂನಿನಲ್ಲಿ ಹಕ್ಕು ಹುಟ್ಟುತ್ತದೆ. ಮಾರುವವರು ಹಾಗೆಂದು ಪ್ರಮಾಣಪತ್ರ ಬರೆದುಕೊಟ್ಟರೆ ಪಾಲಿಸಿಯ ಜೊತೆ ಅದೂ ಇರಲಿ. ಓಣಿಗೆ ಅಡ್ಡ ಹಾಕಿದ ಗುರುತು, ಗೇಟು, ಫಲಕ ಏನಾದರೂ ಇದೆಯಾ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಹಳೆಯ ಪತ್ರ ಕಳೆದಿರುವುದು, ಕಡಿಮೆ ಬೆಲೆಗೆ ಅಥವಾ ದಾನವಾಗಿ ಕೊಟ್ಟವರು 5 ವರ್ಷದೊಳಗೆ ದಿವಾಳಿಯಾಗುವ ಭಯ, ಫ್ಲ್ಯಾಟಿನ ಮೂಲ ಜಮೀನುದಾರ ಪತ್ತೆ ಇಲ್ಲದಿರುವುದು, ಇವಕ್ಕೂ ಪಾಲಿಸಿಗಳಿವೆ. 2002ರ ಏಪ್ರಿಲ್ ನಂತರ ಹಾಕಿಸಿದ ಕಿಟಕಿಗೆ ಫೆನ್ಸಾ ಸರ್ಟಿಫಿಕೇಟ್ (ಕಿಟಕಿ ನಿಯಮದಂತೆ ಹಾಕಲಾಗಿದೆ ಅನ್ನುವ ಕಾಗದ) ಇಲ್ಲ ಅನ್ನುವುದಕ್ಕೂ ಇದೆ. ಅದರ ನಕಲು ಪ್ರತಿಯನ್ನೇ ಕಡಿಮೆ ಖರ್ಚಿನಲ್ಲಿ ತರಿಸಬಹುದಾದಾಗ ಪಾಲಿಸಿ ಯಾಕೆ?

ಯಾರ ಖರ್ಚು, ಯಾರ ನೆಮ್ಮದಿ

ಖರ್ಚು ಯಾರದೆಂದು ಕಾನೂನು ಹೇಳುವುದಿಲ್ಲ, ಅದು ಮಾತುಕತೆಗೆ ಬಿಟ್ಟಿದ್ದು. ಕೊರತೆ ಮಾರುವವರ ಕಾಲದ್ದಾಗಿದ್ದರೆ ಅವರೇ ಕೊಡುವುದು ರೂಢಿ. ಧೈರ್ಯವಾಗಿ ಕೇಳಿ.

ನಿಮ್ಮ ಸಾಲಿಸಿಟರ್ ಸಾಮಾನ್ಯವಾಗಿ ನಿಮಗೂ ಬ್ಯಾಂಕಿಗೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಬ್ಯಾಂಕುಗಳಿಗೆ ಇಂಥ ಕೊರತೆಯ ಬಗ್ಗೆ ತಮ್ಮದೇ ಲಿಖಿತ ನಿಯಮಗಳಿವೆ. ಪಾಲಿಸಿ ಬಂದರೆ ಬ್ಯಾಂಕಿಗೆ ಸಾಲ ವಾಪಸ್ ಬರುವ ಭರವಸೆ ಸಿಗುತ್ತದೆ, ಫೈಲು ಮುಂದೆ ಹೋಗುತ್ತದೆ. ಆದರೆ ಆ ಮನೆಯಲ್ಲಿ ಬ್ಯಾಂಕು ಮಲಗುವುದಿಲ್ಲ. "ಲೆಂಡರ್ ಒಪ್ಪಿದ್ದಾರೆ" ಅನ್ನುವುದು ನಿಮ್ಮ ಪ್ರಶ್ನೆಗೆ ಉತ್ತರ ಆಗುವುದಿಲ್ಲ.

ಪಾಲಿಸಿಯ ಕರಡನ್ನು ಎಕ್ಸ್‌ಚೇಂಜ್‌ಗೆ, ಅಂದರೆ ಎರಡೂ ಕಡೆಯವರು ಕರಾರಿಗೆ ಬದ್ಧರಾಗುವ ಹಂತಕ್ಕೆ, ಮುಂಚೆಯೇ ತರಿಸಿಕೊಂಡು ಓದಿ. ಎಕ್ಸ್‌ಚೇಂಜ್ ಆದ ಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಶೇಕಡಾ 10ರ ಡೆಪಾಸಿಟ್ ಹೋಗುತ್ತದೆ. ಕರಡಿನಲ್ಲಿ ಮೊದಲು ನೋಡಬೇಕಾದ್ದು ಕೊರತೆಯ ವಿವರಣೆ. ಮನೆಯಲ್ಲಿ ಎಕ್ಸ್‌ಟೆನ್ಶನ್, ಅಟ್ಟದ ರೂಮು ಎರಡಕ್ಕೂ ಕಾಗದ ಇಲ್ಲದಿದ್ದು, ಪಾಲಿಸಿಯಲ್ಲಿ ಎಕ್ಸ್‌ಟೆನ್ಶನ್ ಮಾತ್ರ ಬರೆದಿದ್ದರೆ ಅಟ್ಟಕ್ಕೆ ರಕ್ಷಣೆಯೇ ಇಲ್ಲ. ಆಮೇಲೆ ಕಂಪನಿ ನಂಬಿಕೊಂಡಿರುವ ಹೇಳಿಕೆಗಳ ಪಟ್ಟಿ ಇರುತ್ತದೆ: ಕೆಲಸ ಮುಗಿದು 12 ತಿಂಗಳಾಗಿದೆ, ಕಟ್ಟಡ ಲಿಸ್ಟೆಡ್ ಅಲ್ಲ, ಯಾರನ್ನೂ ಸಂಪರ್ಕಿಸಿಲ್ಲ, ಹೀಗೆ. ಒಂದೊಂದೂ ನಿಜವೇ ಅಂತ ತಾಳೆ ನೋಡಿ. ಕೊನೆಗೆ ಪರಿಹಾರದ ಮಿತಿ. ಸಾಮಾನ್ಯವಾಗಿ ಅದು ನೀವು ಕೊಡುವ ಬೆಲೆಯಷ್ಟೇ ಇರುತ್ತದೆ. ಕೆಲವು ಪಾಲಿಸಿಗಳಲ್ಲಿ ವರ್ಷ ಕಳೆದಂತೆ ಮಿತಿ ಏರುತ್ತದೆ. ಹತ್ತು ವರ್ಷದಲ್ಲಿ ಮನೆಯ ಬೆಲೆ ಎಲ್ಲಿಗೆ ಹೋಗಬಹುದು ಅಂತ ಯೋಚಿಸಿ ಅದನ್ನು ಕೇಳಿ.

ಪಾಲಿಸಿ ಸಾಲದು ಅನ್ನಿಸಿದರೆ ಬೇರೆ ದಾರಿಗಳಿವೆ. 1985ರ ನವೆಂಬರ್ 11ರ ನಂತರ ಆದ ಕೆಲಸಕ್ಕೆ ಮಾರುವವರೇ ಕೌನ್ಸಿಲ್‌ನಿಂದ ರೆಗ್ಯುಲರೈಸೇಶನ್ (ಸಕ್ರಮ) ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬಹುದು. ತೊಲೆ ನೋಡಲು ಪ್ಲಾಸ್ಟರ್ ಒಡೆಯಬೇಕಾಗಬಹುದು, ವಾರಗಳು ಹಿಡಿಯಬಹುದು. ಒಮ್ಮೆ ಈ ದಾರಿ ಹಿಡಿದರೆ ಆ ಕೊರತೆಗೆ ಪಾಲಿಸಿಯ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಬೆಲೆ ಇಳಿಸಿ ಅಂತ ಕೇಳಬಹುದು. ಎಂಜಿನಿಯರ್ ಹೇಳಿದ ರಿಪೇರಿ ಮುಗಿಯುವವರೆಗೆ ಒಂದಿಷ್ಟು ಹಣವನ್ನು ಸಾಲಿಸಿಟರ್ ಬಳಿ ಹಿಡಿದಿಡುವ ಏರ್ಪಾಡು ಮಾಡಬಹುದು. ಮನೆಯನ್ನೇ ಬಿಡಬಹುದು. ಸರ್ವೆ, ವಕೀಲರ ಫೀಸು ಹೋಯಿತಲ್ಲ ಅಂತ ಹೊಟ್ಟೆ ಉರಿಯುವುದು ಸಹಜ, ಆದರೂ ಆ ಹಣ ಉಳಿಸಿಕೊಳ್ಳಲು ಅಪಾಯದ ಮನೆ ಕೊಳ್ಳುವ ಅಗತ್ಯ ಇಲ್ಲ.

ಕೊಂಡ ಮೇಲೆ ಮೂಲ ಪಾಲಿಸಿಯನ್ನು ಸಾಲಿಸಿಟರ್ ಕಡೆಯಿಂದ ಕೇಳಿ ಪಡೆದು ಮನೆಯ ಕಾಗದಗಳ ಜೊತೆ ಇಡಿ, ಸ್ಕ್ಯಾನ್ ಮಾಡಿ ಇನ್ನೊಂದು ಕಡೆಯೂ ಇಡಿ. ಮಾರುವಾಗ ಮುಂದಿನವರ ಸಾಲಿಸಿಟರ್ ಅದನ್ನು ಕೇಳಿಯೇ ಕೇಳುತ್ತಾರೆ. ಪಾಲಿಸಿ ಇರುವ ವಿಷಯ ಹೊರಗಿನವರಿಗೆ ಹೇಳಬಾರದೆಂಬ ಷರತ್ತು ಬಹಳಷ್ಟು ಪಾಲಿಸಿಗಳಲ್ಲಿದೆ, ಆದ್ದರಿಂದ ಬೇಲಿಯ ಪಕ್ಕ ನಿಂತು ನೆರೆಯವರೊಂದಿಗೆ ಮಾತಾಡುವಾಗ ಇದು ಬೇಡ. ಕೌನ್ಸಿಲ್‌ನಿಂದಲೋ ನೆರೆಯವರ ವಕೀಲರಿಂದಲೋ ಪತ್ರ ಬಂದರೆ ನೀವೇ ಉತ್ತರ ಬರೆಯಬೇಡಿ, ತಪ್ಪು ಒಪ್ಪಿಕೊಳ್ಳಬೇಡಿ. ಅವತ್ತೇ ವಿಮಾ ಕಂಪನಿಗೆ ತಿಳಿಸಿ. ಎರಡು ಮೂರು ವರ್ಷದ ಮೇಲೆ ಅಡುಗೆಮನೆ ದೊಡ್ಡದು ಮಾಡೋಣ ಅನ್ನಿಸಿದಾಗಲೂ ಕೌನ್ಸಿಲ್‌ಗೆ ಅರ್ಜಿ ಹಾಕುವ ಮುಂಚೆ ಪಾಲಿಸಿಯ ಷರತ್ತುಗಳನ್ನು ಮತ್ತೊಮ್ಮೆ ಓದಿ, ಸಾಲಿಸಿಟರ್‌ಗೆ ಒಂದು ಇಮೇಲ್ ಹಾಕಿ. ಹೊಸ ಕೆಲಸ ನೋಡಲು ಬಂದ ಅಧಿಕಾರಿಯ ಕಣ್ಣಿಗೆ ಹಳೆಯದೂ ಬೀಳುತ್ತದೆ. ನಿಮ್ಮದೇ ಅರ್ಜಿಯಿಂದ ಹಾಗೆ ಹೊರಬಿದ್ದ ಕೊರತೆಗೆ ಹಣ ಕೊಡಲು ಕಂಪನಿ ಒಪ್ಪದೇ ಇರಬಹುದು.